ಊಟದ ಮೇಜಿನ ಮೇಲಿದ್ದ ಸ್ವಿಚ್ಚು

ಕಾಲೇಜಿನ ಇಪ್ಪತ್ಮೂರು ಸ್ವಿಚ್ಚುಗಳಿಗೂ ಚಿಕ್ಕಪ್ಪನೇ ಯಜಮಾನರು. ಸ್ವಿಚ್ಚು ಎಂದರೆ ದೀಪ ಹಾಕುವುದಲ್ಲ. ಕಂಪ್ಯೂಟರಿನ ತಂತಿಗಳೆಲ್ಲ ಬಂದು ಸೇರುವ, ಹಸಿರು ಕಣ್ಣು ಮಿಟುಕಿಸುವ ಚಪ್ಪಟೆ ಪೆಟ್ಟಿಗೆ. ಪರೀಕ್ಷಾ ವಿಭಾಗದ ಗುಟ್ಟು ಹುಡುಗರ ಲ್ಯಾಬಿಗೆ ಕಾಣಬಾರದಲ್ಲ, ಅದಕ್ಕೆ ಈ ಪೆಟ್ಟಿಗೆಗಳೊಳಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸಿ ಕೋಣೆ ಮಾಡುತ್ತಾರೆ. ಅದೇ ವಿಲ್ಯಾನ್. ಅಂಥವು ಒಟ್ಟು ಹನ್ನೆರಡು. ಹೊಸದೊಂದು ಬೇಕೆಂದರೆ ಚಿಕ್ಕಪ್ಪ ನೋಟ್‌ಬುಕ್ಕು ಹಿಡಿದು ಇಪ್ಪತ್ಮೂರು ಕಡೆಗೂ ನಡೆದುಹೋಗಿ ಕೈಯಾರೆ ಬರೆದು ಬರುವರು. ಎರಡು ದಿನದ ಕೆಲಸ. ದಾರಿಯ ಹರಟೆ ಸೇರಿದರೆ ಮೂರು.

ಅವರ ಅಣ್ಣನ ಮಗಳು ಪುಟ್ಟಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವಳೂ ಅಲ್ಲೇ ಕೆಲಸಕ್ಕಿದ್ದಳು, ತಾತ್ಕಾಲಿಕವಾಗಿ. ಇರುವುದು ಚಿಕ್ಕಪ್ಪನ ಮನೆಯಲ್ಲೇ. "ಒಂದು ಸ್ವಿಚ್ಚಿಗೆ ಹೇಳಿದ್ರೆ ಸಾಕು ಸಾರ್, ಉಳಿದವೆಲ್ಲ ಅದನ್ನ ನೋಡಿ ತಾವೇ ಬರ್ಕೊಳ್ತವೆ" ಎಂದು ಪ್ರಿನ್ಸಿಪಾಲರ ಕಿವಿ ಊದಿದಳು. "ಶುಕ್ರವಾರ ಮಾಡಿ ತೋರ್ಸು. ಸರಿಹೋದ್ರೆ ಕೆಲಸ ಕಾಯಂ. ಎಡವಟ್ಟಾದ್ರೆ ತಿಂಗಳ ಕೊನೆಗೆ ಮನೆಗೆ" ಎಂದರು ಅವರು.

ಪುಟ್ಟಿ ಹಳೇ ಸ್ವಿಚ್ಚೊಂದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ಮೂರು ತಿಂಗಳು ಕೈ ಪಳಗಿಸಿಕೊಂಡಿದ್ದಳು. ಕೋಣೆ ಮಾಡುವುದು, ಅಳಿಸುವುದು, ಮತ್ತೆ ಮಾಡುವುದು. ಬೇಜಾರಾದಾಗ ಕೋಣೆಗಳಿಗೆ ತನಗೆ ತೋಚಿದ ಹೆಸರಿಡುವುದು.

ಶುಕ್ರವಾರ ಪ್ರಿನ್ಸಿಪಾಲರ ಕಚೇರಿಯ ಗೋಡೆಯ ಮೇಲೆ ದೊಡ್ಡ ಪರದೆ. ಪುಟ್ಟಿ ಮುಖ್ಯ ಸ್ವಿಚ್ಚಿಗೆ ಹದಿಮೂರನೆಯ ಕೋಣೆಯ ಹೆಸರು ಬರೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗ್ರಂಥಾಲಯದಲ್ಲೂ ಲ್ಯಾಬಿನಲ್ಲೂ ಅದೇ ಹೆಸರು. ಪ್ರಿನ್ಸಿಪಾಲರು ತಲೆದೂಗಿದರು. ಮೂಲೆಯ ಕುರ್ಚಿಯಲ್ಲಿ ಚಿಕ್ಕಪ್ಪ ಮಾತ್ರ ನೋಟ್‌ಬುಕ್ಕಿಗೆ ಬೆರಳು ಸಿಕ್ಕಿಸಿಕೊಂಡು ತಮಗೆ ಸಂಬಂಧವೇ ಇಲ್ಲದವರ ಹಾಗೆ ಕೂತಿದ್ದರು.

"ಹೊಸ ಸ್ವಿಚ್ಚು ಸೇರ್ಸಿದ್ರೂ ಇಷ್ಟೇ ಸಲೀಸು ಸಾರ್" ಎಂದು ಪುಟ್ಟಿ ಚೀಲದಿಂದ ಮನೆಯ ಸ್ವಿಚ್ಚನ್ನು ತೆಗೆದು ಸಿಕ್ಕಿಸಿದಳು.

ಅಲ್ಲೇ ಅವಳು ಎಡವಿದ್ದು. ಈ ಪದ್ಧತಿಯಲ್ಲಿ ಪ್ರತಿ ಬದಲಾವಣೆಗೂ ಸ್ವಿಚ್ಚಿನ ಲೆಕ್ಕ ಒಂದೊಂದು ಏರುತ್ತದೆ. ಯಾರ ಲೆಕ್ಕ ದೊಡ್ಡದೋ ಅವರೇ ಹಿರಿಯರು, ಅವರು ಹೇಳಿದ್ದೇ ವೇದವಾಕ್ಯ. ಕಾಲೇಜಿನ ಮುಖ್ಯ ಸ್ವಿಚ್ಚಿನ ಲೆಕ್ಕ ಹದಿನಾಲ್ಕು. ಮೂರು ತಿಂಗಳು ಬರೆದು ಅಳಿಸಿದ ಈ ಮುದುಕ ಸ್ವಿಚ್ಚಿನದು ಒಂಬೈನೂರು ದಾಟಿತ್ತು. ತಮ್ಮವನೆಂದು ಸ್ವಿಚ್ಚುಗಳು ನಂಬುವ ಗುರುತಿನ ಪದವನ್ನೂ ಕಾಲೇಜಿನದೇ ಇಟ್ಟಿದ್ದಳು ಮಹಾತಾಯಿ. ಸ್ವಿಚ್ಚುಗಳು ತಮ್ಮ ಕೋಣೆಗಳನ್ನೆಲ್ಲ ಅಳಿಸಿ ಮುದುಕನದನ್ನು ಬರೆದುಕೊಂಡವು. ಕಾಲೇಜು ಸ್ತಬ್ಧವಾಯಿತು. ಪರದೆಯ ಮೇಲೆ ಮೂರೇ ಹೆಸರು ಉಳಿದವು:

ಗೊರಕೆ ಚಿಕ್ಕಪ್ಪ.
ಚಾಡಿ ಚಿಕ್ಕಮ್ಮ.
ಜಿಪುಣ ಪ್ರಿನ್ಸಿಪಾಲ್.

ಕೆಲಸ ಹೋಯಿತು, ಮಾನವೂ ಹೋಯಿತು, ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡಳು ಪುಟ್ಟಿ.

"ಯಾರು ಇಟ್ಟಿದ್ದು ಈ ಹೆಸರು?" ಪ್ರಿನ್ಸಿಪಾಲರ ದನಿ ಸಣ್ಣದಾಗಿತ್ತು.

ಚಿಕ್ಕಪ್ಪ ಎದ್ದರು. "ನಾನೇ ಸಾರ್. ಎಡವಟ್ಟೂ ನಂದೇ. ಹೆಸರಿಡೋದು ಮೊದ್ಲಿಂದ್ಲೂ ನನ್ನ ಕೆಲಸ."

"ನಿಮಗೆ ನೀವೇ ಗೊರಕೆ ಅಂತ ಇಟ್ಕೊಂಡ್ರಾ?"

"ಇರೋದನ್ನ ಇಲ್ಲ ಅನ್ನೋಕಾಗತ್ತಾ ಸಾರ್? ಎರಡನೇದು ಮಾತ್ರ ಮನೆಗೆ ಹೇಳ್ಬೇಡಿ, ದಮ್ಮಯ್ಯ."

ಚಿಕ್ಕಪ್ಪ ಮುದುಕ ಸ್ವಿಚ್ಚನ್ನು ಕಿತ್ತಿಟ್ಟು, ನೋಟ್‌ಬುಕ್ಕು ನೋಡಿಕೊಂಡು ಹನ್ನೆರಡು ಹೆಸರನ್ನೂ ಮುಖ್ಯ ಸ್ವಿಚ್ಚಿಗೆ ಟೈಪ್ ಮಾಡಿದರು. ಹತ್ತು ನಿಮಿಷದಲ್ಲಿ ಕಾಲೇಜು ಮತ್ತೆ ಉಸಿರಾಡಿತು. ವಿಚಿತ್ರವೆಂದರೆ ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿಯ ಮುದ್ರಣ ಒಂದು ಗಳಿಗೆಯೂ ನಿಂತಿರಲಿಲ್ಲ.

ಎರಡು ತಿಂಗಳಲ್ಲಿ ನಿವೃತ್ತರಾಗುವ ಚಿಕ್ಕಪ್ಪನನ್ನು ಏನು ಮಾಡುವುದು? ಪ್ರಿನ್ಸಿಪಾಲರು ಹಲ್ಲು ಕಡಿದು, "ಈ ಹುಡುಗಿಗೆ ಕಾಯಂ ಆದೇಶ ಬರೀರಿ. ಇವಳಿಗಾದ್ರೂ ದೊಡ್ಡವರು ಅಂದ್ರೆ ಮರ್ಯಾದೆ ಇದೆ" ಎಂದರು. ಪುಟ್ಟಿ ನೆಲ ನೋಡುತ್ತ ನಿಂತಳು. ಅದನ್ನೂ ಅವರು ಮರ್ಯಾದೆಯೆಂದೇ ತಿಳಿದರು.

ಹೊರಗೆ ಬಂದವಳೇ ಪರೀಕ್ಷಾ ವಿಭಾಗದ ಮೂರು ಸ್ವಿಚ್ಚುಗಳನ್ನು ತೆರೆದು ನೋಡಿದಳು. ಮೂರನ್ನೂ ಯಾರ ಮಾತನ್ನೂ ಕೇಳದ ಹಾಗೆ ಬದಲಿಸಲಾಗಿತ್ತು. ಯಾವಾಗ? ಅವತ್ತೇ ಬೆಳಿಗ್ಗೆ ಒಂಬತ್ತೂವರೆಗೆ. ಹಿಂದೆಯೇ ಬಂದ ಚಿಕ್ಕಪ್ಪನತ್ತ ತಿರುಗಿದಳು.

"ಚಿಕ್ಕಪ್ಪ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಹೇಳೋದಲ್ವಾ!"

"ಹೇಳಿದ್ರೆ ಕೇಳ್ತಿದ್ಯಾ ನೀನು?"

ಪುಟ್ಟಿಗೆ ಅಳು ಬಂತು, ಅದಕ್ಕಿಂತ ಮುಂಚೆ ನಗು ಬಂತು. ಅವರ ಕೈಯಿಂದ ನೋಟ್‌ಬುಕ್ಕು ಕಿತ್ತುಕೊಂಡಳು. "ಇಪ್ಪತ್ಮೂರನ್ನೂ ಯಾರ ಮಾತೂ ಕೇಳದ ಹಾಗೇ ಇಡ್ತೀನಿ. ಈ ಪುಸ್ತಕವನ್ನ ಫೈಲಿಗೆ ಇಳಿಸಿ, ಕೂತಲ್ಲಿಂದಲೇ ಒಂದೊಂದಕ್ಕೂ ನಾನೇ ಕಳಿಸ್ತೀನಿ. ಆಯ್ತಾ?"

"ಹರಟೆ ಹೊಡೆಯೋಕೆ ಸಿಗಲ್ಲ. ಉಳಿದದ್ದು ಪರವಾಗಿಲ್ಲ."

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. "ಅಲ್ಲ, ಆ ಸ್ವಿಚ್ಚು ನನ್ನ ಚೀಲದಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು? ನೀವು ಆಗ್ಲೇ ಮನೆ ಬಿಟ್ಟಿದ್ರಿ."

ಚಿಕ್ಕಪ್ಪ ಕನ್ನಡಕ ಒರೆಸಿಕೊಂಡರು. "ನಿನ್ನ ಚಿಕ್ಕಮ್ಮ ಬೆಳಿಗ್ಗೆಯೇ ಫೋನ್ ಮಾಡಿದ್ಲು, ನೀನು ಸ್ವಿಚ್ಚನ್ನ ಚೀಲಕ್ಕೆ ಹಾಕ್ಕೊಂಡೆ ಅಂತ. ಮೇಜಿನ ಮೇಲೆ ನೀನು ಬಿಟ್ಟುಬಂದ ಚೀಟಿ ನೋಡಿ ಆ ಮೂರು ಹೆಸರನ್ನೂ ಓದಿ ಹೇಳಿದ್ಲು. ಬೇಗ ಬಾ ಅಂದಿದಾಳೆ, ನಿನಗೆ."