ಮೇಲಿನ ಡಿಸ್ಕು, ಕೆಳಗಿನ ಡಿಸ್ಕು

ಹದಿನಾಲ್ಕು ತಿಂಗಳಿಂದ ಒಂದೇ ಮಾತನ್ನು ಹೇಳಿ ಹೇಳಿ ರಂಜನಾಳ ಗಂಟಲು ಒಣಗಿತ್ತು. ಚಿಕ್ಕಮಗಳೂರಿನ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕವಿಡುವ ಯುನಿಕ್ಸ್ ಸರ್ವರ್ ಕಂಪ್ಯೂಟರ್ ನೋಡಿಕೊಳ್ಳುವುದು ಅವಳ ಕೆಲಸ. ಅದನ್ನು ತರಿಸುವಾಗ ಇದ್ದ ಉತ್ಸಾಹ ತಂದ ಮೇಲೆ ಅಲ್ಲಿ ಯಾರಿಗೂ ಉಳಿದಿರಲಿಲ್ಲ.

ಸರ್ವರಿನ ಹೊಟ್ಟೆಯಲ್ಲಿ ಒಂದರ ಮೇಲೊಂದು ಎರಡು ಡಿಸ್ಕು. ಮೆಷಿನ್ನು ಶುರುವಾಗುವುದೇ ಇವುಗಳಿಂದ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ. ಮೇಲಿನದರ ಹೆಸರು ರೂಟ್‌ಡಿಸ್ಕ್, ಕೆಳಗಿನದು ರೂಟ್‌ಮಿರರ್. ಹಿಂದಿನ ವರ್ಷ ಮೇಲಿನದು ಕೆಟ್ಟಾಗ ರಿಪೇರಿಗೆ ಬಂದ ಎಂಜಿನಿಯರು, ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಹೆಸರುಗಳನ್ನು ಅದಲುಬದಲು ಮಾಡಿಟ್ಟು ಹೋದ. ಅಂದಿನಿಂದ ಮೆಷಿನ್ನು ರೂಟ್‌ಡಿಸ್ಕ್ ಎಂದರೆ ಅದು ಕೆಳಗಿನದು.

ಕೆಟ್ಟದ್ದೆಂದು ತಿಳಿದು ಯಾರಾದರೂ ಚೆನ್ನಾಗಿರುವುದನ್ನು ಕಿತ್ತರೆ ಕಥೆ ಮುಗಿಯಿತು. ಗೋಡೌನಿನಲ್ಲಿ ತೋಟದವರು ತಂದಿಟ್ಟ ಮೂವತ್ತು ಸಾವಿರ ಚೀಲ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ತೆಗೆಯದ ಕಾಫಿ ಬೀಜ, ಇತ್ತು. ತಮ್ಮ ಫಸಲೆಷ್ಟೆಂದು ಪಕ್ಕದ ತೋಟದವರಿಗೆ ತಿಳಿಯಬಾರದೆಂಬುದು ಪ್ಲಾಂಟರುಗಳ ಹಠ. ಹಾಗಾಗಿ ಚೀಲದ ಮೇಲೆ ಹೆಸರಿಲ್ಲ, ಅವರಿಗೆ ಕೊಡುವ ಚೀಟಿಯಲ್ಲಿ ಚೀಲದ ನಂಬರಿಲ್ಲ. ಯಾವುದು ಬಾಳೂರಿನವರದು, ಯಾವುದು ಬಣಕಲ್ಲಿನವರದು ಎಂದು ಗೊತ್ತಿದ್ದದ್ದು ಆ ಡಿಸ್ಕುಗಳಿಗೆ ಮಾತ್ರ. ಟೇಪಿನಲ್ಲಿ ನಕಲು ತೆಗೆದಿಡೋಣವೆಂದರೆ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಟೇಪ್ ಡ್ರೈವು ರಿಪೇರಿಗೆ ಹೋದದ್ದು ಮತ್ತೆ ಬಂದಿರಲಿಲ್ಲ.

"ಹೆಸರು ಸರಿ ಮಾಡ್ಲಿಕ್ಕೆ ಅರ್ಧ ಗಂಟೆ ಸಾಕು ಸರ್," ಎಂದು ಅವಳು ಮ್ಯಾನೇಜರ್ ರಾಜೀವ್ ಮುಂದೆ ನಿಂತದ್ದಕ್ಕೆ ಲೆಕ್ಕವಿಲ್ಲ.

"ಸೀಸನ್ ಮುಗೀಲಿ ಮಾರಾಯ್ರೆ. ನಡೀತಾ ಇರೋ ಮೆಷಿನ್ನು ಯಾಕೆ ಮುಟ್ಟೋದು?"

ಸೀಸನ್ ಮುಗಿಯಿತು, ಮಳೆ ಬಂತು. ಮಳೆ ಮುಗಿಯಿತು, ಮತ್ತೆ ಸೀಸನ್ ಬಂತು. ರಾಜೀವ್ ಮಾತ್ರ ಕುರ್ಚಿ ಬಿಟ್ಟು ಅಲುಗಲಿಲ್ಲ.

ಅವಳ ಮಾತಿಗೆ ಬೆಲೆ ಕೊಟ್ಟವರು ಒಬ್ಬರೇ, ರುದ್ರಪ್ಪ. ಇಪ್ಪತ್ತು ವರ್ಷ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು, ಐವತ್ತು ದಾಟಿದ ಮೇಲೆ ಕೀಬೋರ್ಡು ಕುಟ್ಟುವುದನ್ನು ಕಲಿತವರು. ಬೆಳಿಗ್ಗೆ ಎಂಟಕ್ಕೇ ಬಂದು ಮೆಷಿನ್ನಿನ ಮುಂದೆ ಕೂರುತ್ತಿದ್ದರು. ಮೂಡಿಗೆರೆಯಿಂದ ಬಸ್ಸಿನಲ್ಲಿ ಬರುವ ರಂಜನಾ ತಲುಪುವಾಗ ಹತ್ತಾಗುತ್ತಿತ್ತು.

"ನೋಡಿ ರುದ್ರಪ್ಪನವ್ರೆ, ರೂಟ್‌ಡಿಸ್ಕ್ ಕೆಟ್ಟಿದೆ ಅಂತ ಬಂದ್ರೆ ಕೆಳಗಿಂದು ತೆಗೀಬೇಕು. ಯಾರು ಏನೇ ಹೇಳ್ಲಿ, ಕೆಳಗಿಂದೇ. ನನಗೆ ಕಾಯ್ಬೇಡಿ." ಇದನ್ನು ಅವಳು ಅವರಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು.

ಕೊನೆಗೊಂದು ಶನಿವಾರ, ಅವಳ ಕಾಟ ತಾಳಲಾರದೆ ರಾಜೀವ್ ಒಪ್ಪಿದರು. ಭಾನುವಾರ ಬೆಳಿಗ್ಗೆ ಒಬ್ಬಳೇ ಬಂದು ಕೂತಳು. ಎರಡು ಡಿಸ್ಕುಗಳಿಗೆ ಒಂದೇ ಹೆಸರಿಡಲು ಮೆಷಿನ್ನು ಬಿಡುವುದಿಲ್ಲ. ಆದ್ದರಿಂದ ಒಂದಕ್ಕೆ ತಾತ್ಕಾಲಿಕ ಹೆಸರು ಕೊಟ್ಟು, ಇನ್ನೊಂದನ್ನು ಸರಿಮಾಡಿ, ಮತ್ತೆ ಮೊದಲನೆಯದಕ್ಕೆ ಬಂದಳು. ಮೇಲಿನದು ರೂಟ್‌ಡಿಸ್ಕ್, ಕೆಳಗಿನದು ರೂಟ್‌ಮಿರರ್. ಇಪ್ಪತ್ತೆರಡು ನಿಮಿಷದ ಕೆಲಸ. ಇಷ್ಟಕ್ಕೆ ಹದಿನಾಲ್ಕು ತಿಂಗಳು ಸತಾಯಿಸಿದರಲ್ಲ ಎಂದು ಅವಳಿಗೆ ಅಳುವೇ ಬಂತು.

ಮಂಗಳವಾರ ಹತ್ತಕ್ಕೆ ಅವಳು ಬರುವಾಗ ಸ್ಕ್ರೀನು ಕಪ್ಪಾಗಿತ್ತು. ರುದ್ರಪ್ಪ ಎದ್ದು ನಿಂತರು.

"ರೂಟ್‌ಡಿಸ್ಕ್ ಕೆಟ್ಟಿದೆ ಅಂತ ಬಂತು ಮೇಡಂ. ತೆಗ್ದು ಹೊಸದು ಹಾಕ್ದೆ. ಹತ್ತು ನಿಮಿಷ ಆಗ್ಲಿಲ್ಲ, ಹೊಸದಕ್ಕೆ ನಕಲಾಗೋ ಮೊದ್ಲೇ ಎಲ್ಲ ನಿಂತೇ ಹೋಯ್ತು."

"ಯಾವುದು ತೆಗೆದ್ರಿ?"

"ಕೆಳಗಿಂದು."

"ಕೆಟ್ಟಿದ್ದು ಮೇಲಿಂದು, ಚೆನ್ನಾಗಿದ್ದದ್ದು ಅದೇ. ಅದೆಲ್ಲಿ? ಅದನ್ನ ಕೊಡಿ ಮೊದ್ಲು."

ರುದ್ರಪ್ಪ ಮೇಜಿನ ಕಡೆ ಕೈ ತೋರಿಸಿದರು. ತೆಗೆದ ಡಿಸ್ಕು ಒಡೆಯದೆ ಗೇಟು ದಾಟಬಾರದೆಂದು ಪ್ಲಾಂಟರುಗಳೇ ಪಟ್ಟು ಹಿಡಿದು ಮಾಡಿಸಿದ ನಿಯಮವಿತ್ತು. ಅದನ್ನೂ ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಹಳೆಯ ಪೇಪರಿನ ಮೇಲೆ ಸುತ್ತಿಗೆ, ಅದರ ಪಕ್ಕದಲ್ಲಿ ಚೂರುಗಳು.

ಬೈಗುಳ ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಭಾನುವಾರ ಕೆಲಸ ಮುಗಿದದ್ದೇ ರಾಜೀವ್‌ಗೆ ಫೋನ್ ಮಾಡಿ ಹೇಳಿದ್ದಳು. ಆ ಎಂಜಿನಿಯರನ್ನು ಹುಡುಕಿ ಹಿಡಿದು ಚುಚ್ಚಿ ಚುಚ್ಚಿ ಹೇಳಿದ್ದಳು. ಟೈಪಿಸ್ಟ್ ಪ್ರೇಮಕುಮಾರಿ ಕೇಳದಿದ್ದರೂ ಕೂರಿಸಿಕೊಂಡು ಹೇಳಿದ್ದಳು. ತಂಗಿಯ ಮನೆ ಗೃಹಪ್ರವೇಶಕ್ಕೆಂದು ಕಳಸಕ್ಕೆ ಹೋಗಿ, ಈ ದಿನವೇ ಕೆಲಸಕ್ಕೆ ಬಂದ ರುದ್ರಪ್ಪನವರಿಗೆ ಮಾತ್ರ ಹೇಳಿರಲಿಲ್ಲ. ಮಾತು ಕೇಳದವರಿಗೆಲ್ಲ ಹೇಳಿಕೊಂಡು ತಿರುಗಿ, ಕೇಳುವ ಒಬ್ಬರನ್ನು ಮರೆತಿದ್ದಳು.

ಅಷ್ಟರಲ್ಲಿ ರಾಜೀವ್ ಬಂದರು. ಹೊರಗೆ ಆಗಲೇ ಎರಡು ಜೀಪು ನಿಂತು, ತಮ್ಮ ಲಾಟಿನ ಚೀಲಗಳು ಎಲ್ಲಿ ಎಂದು ಪ್ಲಾಂಟರುಗಳು ಕೇಳುತ್ತಿದ್ದರು.

"ಕೆಳಗಿಂದು ತೆಗೀಲಿಕ್ಕೆ ನಿಮಗೆ ಯಾರ್ರೀ ಹೇಳಿದ್ದು?" ನಡೆದದ್ದು ಕೇಳಿ ರಾಜೀವ್ ರುದ್ರಪ್ಪನವರ ಮೇಲೆ ಎಗರಿದರು.

ರುದ್ರಪ್ಪ ರಂಜನಾಳನ್ನು ನೋಡಿದರು.

"ನಾನು ಸರ್," ಎಂದಳು ಅವಳು. "ಹದಿನಾಲ್ಕು ತಿಂಗಳು ದಿನಾ ಹೇಳಿದ್ದೆ. ಇನ್ನು ಹಾಗಲ್ಲ ಅಂತ ಒಂದ್ಸಲ ಹೇಳ್ಬೇಕಿತ್ತು, ಹೇಳ್ಲಿಲ್ಲ."