ಬಾಗಿಲ ಹಿಂದೆ ಏನಿದೆ ಎಂದು ಅಕ್ಕ ಕೇಳಿದಳು

1.
ದೆವ್ವದ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಬಾಗಿಲು ಕಿರ್ರೆಂದಿತು ಅಂದರೆ, ಎಣ್ಣೆ ಬಿಡ್ರೀ ಅನ್ನುತ್ತೀರಿ. ನಾಯಿ ಊಳಿಟ್ಟಿತು ಅಂದರೆ, ನಮ್ಮ ಬೀದೀದು ದಿನಾ ಊಳಿಡುತ್ತೆ ಅನ್ನುತ್ತೀರಿ. ಹಾಗಾಗಿ ಅಕ್ಕನಿಂದ ಶುರುಮಾಡುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಹೆದರುವುದು ಅವಳಿಗೇ.

2.
ಅಕ್ಕ ಸಿನಿಮಾದಲ್ಲಿ ಮೇಕಪ್ ಮಾಡುವವಳು. ದೆವ್ವಗಳಲ್ಲಿ ಸ್ಪೆಷಲಿಸ್ಟ್. ಟಿಶ್ಯೂ ಪೇಪರ್, ಅಂಟು, ಒಂದಿಷ್ಟು ಬಣ್ಣ ಕೊಟ್ಟರೆ ಮದುಮಗನನ್ನೂ ಹೆಣ ಮಾಡುತ್ತಾಳೆ. (ಮದುವೆಯೂ ಅದನ್ನೇ ಮಾಡುತ್ತದೆ, ಸ್ವಲ್ಪ ನಿಧಾನವಾಗಿ.) ದೆವ್ವಗಳು ಕಂಪ್ಯೂಟರಿನಲ್ಲಿ ಹುಟ್ಟತೊಡಗಿದ ಮೇಲೆ ಅವಳ ಪೆಟ್ಟಿಗೆಗೆ ಧೂಳು ಹಿಡಿದಿತ್ತು. ಈಗೊಂದು ಅವಕಾಶ ಬಂದಿದೆ: ನಾನು ಬರೆದ ಕಥೆ ಸಿನಿಮಾ ಆಗುತ್ತಿದೆ.

ತೊಂದರೆ ಏನೆಂದರೆ, ನನ್ನ ಕಥೆಯಲ್ಲಿ ದೆವ್ವ ಕಾಣುವುದೇ ಇಲ್ಲ. ಒಂದು ಮುಚ್ಚಿದ ಬಾಗಿಲು, ಅದರ ಹಿಂದೆ ಯಾರೋ ಉಸಿರಾಡುವ ಸದ್ದು. ಬಾಗಿಲು ತೆರೆಯುವ ಮೊದಲೇ ಕಥೆ ಮುಗಿಯುತ್ತದೆ.

4.
(ಮೂರರಲ್ಲಿ ನನ್ನ ಭಾಷಣವಿತ್ತು. ಹರಿದೆ. ಚೂರುಗಳಲ್ಲಿ ಕಂಡದ್ದು ಇಷ್ಟು.) ಪುಸ್ತಕದ ದೆವ್ವ ಓದುವವನ ಅಳತೆಗೆ ಹೊಲಿದದ್ದು, ಸಿನಿಮಾದ್ದು ರೆಡಿಮೇಡ್. ಒಂದು ಕಾದಂಬರಿ ಓದುವಾಗ ಬಚ್ಚಲಿಗೆ ಜೊತೆಗೆ ಬಾ ಎಂದು ಹೆಂಡತಿಯನ್ನು ಕರೆಯುವಂತೆ ಮಾಡಿದ ದೆವ್ವ, ಪರದೆಯ ಮೇಲೆ ಥೇಟ್ ನಮ್ಮ ಆಫೀಸಿನ ಕ್ಯಾಶಿಯರ್ ಥರ ಇತ್ತು. ಪಾಪ, ನೆಗಡಿಯೇನೋ ಅನ್ನಿಸಿತು. ಆದರೆ ಒಂದು ಮಾತು ಒಪ್ಪಬೇಕು. ಖಾಲಿ ಕಾರಿಡಾರನ್ನು ಸುಮ್ಮನೆ ತೋರಿಸುತ್ತಾ ಬೆವರಿಳಿಸುವುದು ಸಿನಿಮಾಕ್ಕೇ ಸಾಧ್ಯ. ನಾನು ಅದನ್ನು ಬರೆದರೆ ನೀವು ಪುಟ ಹಾರಿಸುತ್ತೀರಿ.

5.
"ಬಾಗಿಲು ತೆಗೆಸು" ಅಂದಳು ಅಕ್ಕ.

"ತೆಗೆದ್ರೆ ಕಥೆ ಸತ್ತೋಗತ್ತೆ ಅಕ್ಕ."

"ತೆಗೀದಿದ್ರೆ ನನ್ನ ಕಸುಬು ಸತ್ತೋಗತ್ತೆ. ದೆವ್ವಾನೇ ಇಲ್ಲಾಂದ್ರೆ ನೀವ್ಯಾಕಮ್ಮ ಅಂತಿದಾರೆ ಡೈರೆಕ್ಟರು."

ಮುಕ್ತಾಯ ಒಂದು: ಬಾಗಿಲು ತೆರೆಯಿತು. ಬಿಳಿ ಬಟ್ಟೆ ಉಟ್ಟ ಹೆಂಗಸು. (ಹೊಡೆದುಹಾಕಿದೆ. ಸತ್ತವರಿಗೆ ಇಸ್ತ್ರಿ ಮಾಡಿಕೊಡುವವರು ಯಾರು?)

ಮುಕ್ತಾಯ ಎರಡು: ಒಳಗೆ ಯಾರೂ ಇಲ್ಲ. (ಇದನ್ನು ಓದಿದ ಅಕ್ಕ ನನ್ನನ್ನು ಊಟಕ್ಕೆ ಕರೆಯುವುದು ಬಿಟ್ಟಳು.)

ಕೊನೆಗೆ ದಾರಿ ಹುಡುಕಿದವಳೂ ಅವಳೇ. "ದೆವ್ವಾನ ತೋರಿಸ್ಬೇಡ ಕಣೋ. ನೋಡಿದವನ ಮುಖ ತೋರಿಸು. ಹೀರೋ ಬಾಗಿಲು ತೆಗೀತಾನೆ, ನೋಡ್ತಾನೆ, ನಮಗೆ ಅವನ ಮುಖ ಮಾತ್ರ. ಆ ಮುಖ ನಾನು ಮಾಡ್ತೀನಿ."

"ಮೊದಲು ಮಾಡಿ ತೋರಿಸಿ, ನಾನು ಹೆದರಿದರೆ ಕೆಲಸ ನಿಮಗೆ" ಅಂದರು ಡೈರೆಕ್ಟರು. ಅಭ್ಯಾಸಕ್ಕೆ ಸಿಕ್ಕವನು ನಾನು. ಕನ್ನಡಿಯ ಮುಂದೆ ಕೂರಿಸಿ, ಬ್ರಶ್ ಎತ್ತಿದವಳು ನಿಂತುಬಿಟ್ಟಳು.

"ಏನು ನೋಡ್ದೆ ಹೇಳು."

"ಎಲ್ಲಿ?"

"ಬಾಗಿಲ ಹಿಂದೆ. ಹಾವು ನೋಡಿದವನ ಮುಖ ಬೇರೆ, ಹೆಡ್ಮಾಸ್ಟರನ್ನ ನೋಡಿದವನ ಮುಖ ಬೇರೆ. ಏನಿದೆ ಅಂತ ಗೊತ್ತಾಗ್ದೆ ಹೇಗೆ ಮಾಡ್ಲಿ?"

"ಗೊತ್ತಿಲ್ಲ."

"ಬರೆದೋನು ನೀನಲ್ವೇನೋ?"

"ಬರೆದೆ. ಒಳಗೆ ಹೋಗಿಲ್ಲ."

"ಥೂ, ಪುಕ್ಕಲ. ಹೋಗಿ ನೋಡ್ಕೊಂಡು ಬಾ."

(ಸಂಖ್ಯೆ ನೆನಪಿಲ್ಲ. ಎಣಿಸುವ ಸ್ಥಿತಿಯಲ್ಲಿರಲಿಲ್ಲ.)
ಕಣ್ಣು ಮುಚ್ಚಿ, ನನ್ನದೇ ಕಥೆಯ ಕೊನೆಯ ಪುಟಕ್ಕೆ ಹೋಗಿ ಬಾಗಿಲು ತಟ್ಟಿದೆ.

"ಯಾರು?"

"ನಾನು, ಬರೆದವನು."

"ಓಹೋ, ಈಗ ನೆನಪಾಯ್ತಾ? ಉಸಿರಾಡ್ತಿರು ಅಂತ ಬರೆದು ಹೋದೋನು ಇತ್ತ ತಲೆ ಹಾಕಿಲ್ಲ. ಉಸಿರಾಡಿ ಉಸಿರಾಡಿ ಸಾಕಾಗಿದೆ ನಂಗೆ."

"ಒಂಚೂರು ಮುಖ ತೋರಿಸ್ತೀರಾ? ನಮ್ಮಕ್ಕನ ಕೆಲಸದ ವಿಷಯ."

ಚಿಲಕ ಸರಿಯಿತು.

ಕಣ್ಣು ಬಿಟ್ಟಾಗ ಅಕ್ಕ ಗೋಡೆಗೆ ಅಂಟಿಕೊಂಡಿದ್ದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಕಸುಬು ನೆನಪಾಯಿತು. "ಹಾಗೇ ಇರು! ಅಲ್ಲಾಡ್ಬೇಡ. ಇದನ್ನೇ ನೋಡ್ಕೊಂಡು ಹೀರೋಗೆ ಮಾಡ್ತೀನಿ."

ಹೀರೋನ ಮುಖ ನೋಡಿ ಡೈರೆಕ್ಟರು ಕಾಫಿ ಮೈಮೇಲೆ ಚೆಲ್ಲಿಕೊಂಡರು. ಕೆಲಸ ಅಕ್ಕನದಾಯಿತು. ಶೂಟಿಂಗ್ ನಡೆಯುತ್ತಿದೆ. ಮೇಕಪ್ಪನ್ನು ದಿನಾ ಹೊಸದಾಗಿ ಮಾಡಬೇಕಲ್ಲ, ಮಾದರಿಗೆಂದು ನಾನು ಇದೇ ಮುಖ ಹೊತ್ತು ಕುರ್ಚಿಯಲ್ಲಿ ಕೂತಿದ್ದೇನೆ. ಬಾಯಿ ತೆರೆಯುವಂತಿಲ್ಲ. ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಮುಖಕ್ಕೆ ಗೊತ್ತಾಗದ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಹಾಗಾದರೆ ಒಳಗೆ ಏನಿತ್ತು ಅಂತಲೂ ಬರೆಯಬಹುದಲ್ಲ ಅನ್ನುತ್ತೀರಿ. ಈಗಷ್ಟೇ ಶುರುಮಾಡಿದ್ದೆ. ಮೊದಲ ಅಕ್ಷರಕ್ಕೇ ಭಯ ಒಂದಿಷ್ಟು ಇಳಿಯಿತು.

"ಏಯ್, ಎಡಗಣ್ಣು ಸಡಿಲ ಆಯ್ತು!" ಅಂದಳು ಅಕ್ಕ.

ಹೊಡೆದುಹಾಕಿದೆ.