ಅಡುಗೆಮನೆ ತೊಳೆಸಿದ ಕ್ರೈಸ್ತರು

ಸಭಾಹಿರಿಯ ದೇವದಾಸರ ಹಂಚಿನ ಮನೆಯಲ್ಲಿ ದೀಪ ಹಚ್ಚಿದರೆ ಮೊದಲು ಕೀರ್ತನೆ, ಆಮೇಲೆ ವೇದಪಾಠ, ಊಟ ಅದರ ನಂತರ. ಹಂಚಿನ ಕಾರ್ಖಾನೆಯಲ್ಲಿ ದೊಡ್ಡ ಮೇಸ್ತ್ರಿಯಾಗಿದ್ದ ಅವರು ಕನ್ನಡಕ ಏರಿಸಿ ಓದಲು ಕೂತರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕರ್ತನು ಶಿಷ್ಯರ ಕಾಲು ತೊಳೆದ ಅಧ್ಯಾಯ ಅವರಿಗೆ ಬಲು ಪ್ರೀತಿ. ಅದನ್ನು ಓದುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಕುಮುದಿನಿ ಆ ಕಣ್ಣೀರನ್ನು ನಂಬಿದ್ದಳು.

ಅದೇ ಮನೆಯ ಹಿಂದಿನ ಜಗಲಿಯ ಮಾಡಿನ ಸೂರಿಗೆ ಒಂದು ತೆಂಗಿನಕಾಯಿಯ ಗೆರಟೆ ಸಿಕ್ಕಿಸಿತ್ತು. ಅದು ಬೋಜನದು. ಊರಾಚೆಯ ಪಡೀಲಿನಿಂದ ನಡೆದು ಬಂದು, ಸೌದೆ ಒಡೆದು, ಕಕ್ಕಸು ತೊಳೆದು ಹೋಗುವ ಬೋಜನಿಗೆ ಅತ್ತೆ ದಮಯಂತಿ ಅದರಲ್ಲೇ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಬೋಜ ಅನ್ಯನೇನಲ್ಲ, ಇದೇ ಸಭೆಯವನು. ಪಾದ್ರಿಗಳು ಎಲ್ಲರೆದುರು ಅವನಿಗೆ ದೀಕ್ಷಾಸ್ನಾನ ಕೊಟ್ಟು ಕೃಪಾನಂದ ಎಂದು ಹೆಸರಿಟ್ಟಿದ್ದರು. ಆ ಹೆಸರು ದೇವಾಲಯದ ಮೆಟ್ಟಲಿಳಿಯುವಷ್ಟರಲ್ಲೇ ಉದುರಿಹೋಯಿತು. ಅವನೂ ಅವನ ಜನರೂ ಕೂರುವುದು ಹಿಂದಿನ ಬೆಂಚಿನಲ್ಲಿ. ಕರ್ತನ ಭೋಜನದ ದಿನ ಮುಂದಿನ ಬೆಂಚಿನ ತುಟಿಗಳೆಲ್ಲ ಮುಗಿದ ಮೇಲೆ ಪಾತ್ರೆ ಅವರಿಗೆ. ಒಂದೇ ಪಾತ್ರೆ, ಒಂದೇ ದ್ರಾಕ್ಷಾರಸ. ಸರದಿ ಮಾತ್ರ ಅಜ್ಜಂದಿರ ಜಾತಿಯದು. ಇದನ್ನು ಸಭೆಯಲ್ಲಿ "ಕ್ರಮ" ಎನ್ನುತ್ತಿದ್ದರು. ಹೊಲಸಿಗೆ ಒಳ್ಳೆಯ ಹೆಸರಿಡುವುದರಲ್ಲಿ ನಾವು ಜಾಣರು.

ಜರ್ಮನಿಯ ಯುದ್ಧ ಮುಗಿಯುವ ವರ್ಷ ಮನೆಮನೆಯನ್ನೂ ಮಲಗಿಸಿದ ಆ ಜ್ವರ ಊರಿಗೆ ಬಂತು. ದೇವದಾಸರ ಮನೆಯಲ್ಲಿ ನಾಲ್ವರೂ ಒಟ್ಟಿಗೇ ಮಲಗಿದರು. ನೆರೆಯವರು ಕಿಟಕಿ ಮುಚ್ಚಿದರು. ಮುಂದಿನ ಬೆಂಚಿನವರು ಪ್ರಾರ್ಥಿಸುತ್ತಿದ್ದೇವೆ ಎಂದು ಹೇಳಿಕಳಿಸಿದರು, ಬರಲಿಲ್ಲ. ಬಂದವನು ಬೋಜ. ಹಿತ್ತಿಲ ಬಾಗಿಲಲ್ಲಿ ನಿಂತು ಕರೆದ. ಉತ್ತರ ಬಾರದಿದ್ದಾಗ ಒಳಗೆ ಕಾಲಿಟ್ಟ. ನೀರು ಸೇದಿದ, ಒಲೆ ಹೊತ್ತಿಸಿದ, ಕುಚ್ಚಲಕ್ಕಿ ಗಂಜಿ ಬೇಯಿಸಿ ಒಬ್ಬೊಬ್ಬರ ತಲೆಯೆತ್ತಿ ಕುಡಿಸಿದ. ಮಲಗಿದಲ್ಲೇ ಹೊಲಸಾದ ಹಿರಿಯರ ಪಂಚೆ ಬಿಚ್ಚಿ, ಮೈ ಒರೆಸಿ, ಬೇರೆ ಉಡಿಸಿದ. "ನನ್ನನ್ನು ಬಿಟ್ಟು ಹೋಗ್ಬೇಡ ಮಾರಾಯ" ಎಂದು ಹಿರಿಯರು ಅವನ ಕೈ ಹಿಡಿದು ಅತ್ತದ್ದನ್ನು ಕುಮುದಿನಿ ಪಕ್ಕದ ಕೋಣೆಯಿಂದ ಕೇಳಿದಳು.

ಜ್ವರ ಬಿಟ್ಟಿತು. ಕಾಲಿಗೆ ತ್ರಾಣ ಬಂದೊಡನೆ ದಮಯಂತಿ ಮಾಡಿದ ಮೊದಲ ಕೆಲಸ ಅಡುಗೆಮನೆ ತೊಳೆಸಿದ್ದು. ಒಲೆ ಕೆಡವಿ ಹೊಸ ಮಣ್ಣು ಮೆತ್ತಿಸಿದರು. ಮಣ್ಣಿನ ಗಡಿಗೆಗಳನ್ನು ತೆಂಗಿನ ಬುಡಕ್ಕೆ ಎಸೆದರು. ಹಿತ್ತಾಳೆಯದನ್ನೆಲ್ಲ ಹುಳಿ ಹಚ್ಚಿ ತಿಕ್ಕಲು ಸೊಸೆಗೆ ಹೇಳಿದರು.

"ಎಂತಕ್ಕೆ ಅತ್ತೆ?"

"ಎಂತಕ್ಕೆ ಅಂತ ಕೇಳ್ತೀಯಾ? ಅವನು ಒಲೆ ಮುಟ್ಟಿದ್ದಾನೆ."

"ಮುಟ್ಟಿದ್ದಕ್ಕೇ ನಾವು ಬದುಕಿದ್ದೇವೆ. ಗಂಜಿ ಹೊಟ್ಟೆಯೊಳಗೇ ಹೋಗಿದೆಯಲ್ಲ, ಅದನ್ನು ಯಾವ ಹುಳಿಯಲ್ಲಿ ತೊಳೆಯುವುದು?"

"ನಾಲಿಗೆ ಉದ್ದ ಮಾಡ್ಬೇಡ. ನಮ್ಮದು ಮರ್ಯಾದಸ್ಥರ ಮನೆ."

"ನಿಮ್ಮ ಅಜ್ಜನನ್ನು ಕೂಡ ಒಬ್ಬರು ಅಂಗಳದಲ್ಲೇ ನಿಲ್ಲಿಸ್ತಿದ್ರಂತೆ. ಅದಕ್ಕೇ ಅಲ್ವಾ ಅವರು ಈ ಮತಕ್ಕೆ ಬಂದದ್ದು? ಬಂದು ನಾವು ಮಾಡಿದ್ದೆಂತ? ನಮಗೂ ಒಂದು ಅಂಗಳ ಮಾಡಿಕೊಂಡೆವು, ಅಷ್ಟೇ."

ಅತ್ತೆ ಬೂದಿಯ ಬುಟ್ಟಿಯನ್ನು ಸೊಸೆಯ ಕಾಲ ಬಳಿ ಕುಕ್ಕಿ ಹೋದರು.

ಆ ಭಾನುವಾರ ದೇವದಾಸರು ಸಭೆಯೆದುರು ಎದ್ದು ನಿಂತು ಸಾಕ್ಷಿ ಹೇಳಿದರು. ದೇವರ ಕೈ ನಮ್ಮನ್ನು ಮರಣದಿಂದ ಎತ್ತಿತು ಎಂದರು. ಆ ಕೈ ಯಾರದೆಂದು ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಬೋಜನ ಜಾಗ ಖಾಲಿ ಇತ್ತು. ಆರಾಧನೆ ಬಿಟ್ಟಾಗ ಗಾಡಿ ಹೊಡೆಯುವ ಸಂಕಪ್ಪ ಕುಮುದಿನಿಗೆ ವಿಷಯ ತಿಳಿಸಿದ: ಬೋಜನಿಗೂ ಜ್ವರ. ಗುಡಿಸಲಲ್ಲಿ ಮುದಿ ತಾಯಿ ಬಿಟ್ಟರೆ ಯಾರೂ ಇಲ್ಲ. ಆಕೆಗೆ ನೀರು ಸೇದಲೂ ಆಗದು.

ಕುಮುದಿನಿ ಮನೆಗೆ ಬಂದವಳೇ ಗಂಜಿ ಇಟ್ಟಳು. ಹಿಡಿಕೆಯ ತೂಕುಪಾತ್ರೆಗೆ ತುಂಬಿಸಿ ಹೊರಟಾಗ ದೇವದಾಸರು ಬಾಗಿಲಿಗೆ ಅಡ್ಡ ಬಂದರು.

"ಹಿರಿಯರ ಮನೆಯ ಸೊಸೆ ಪಡೀಲಿನ ಗುಡಿಸಲಿಗೆ ಹೋಗಿ ಅವನ ವಾಂತಿ ಬಳಿಯುವುದಾ? ನಾಳೆ ನಾನು ಸಭೆಯಲ್ಲಿ ತಲೆ ಎತ್ತುವುದು ಹೇಗೆ?"

"ನಿಮ್ಮದನ್ನು ಅವನು ಬಳಿದನಲ್ಲ ಮಾವ?"

"ಅದು ಅವನ ಕೆಲಸ. ಸೇವೆ ಮಾಡ್ಬೇಕು, ಸರಿ. ಎಲ್ಲದಕ್ಕೂ ಒಂದು ಕ್ರಮ ಉಂಟು. ಮದ್ದು ತರಿಸಿ ಯಾರ ಹತ್ರವಾದ್ರೂ ಕಳಿಸ್ತೇನೆ."

ಗಂಡ ಪ್ರೇಮನಾಥನ ಮುಖ ನೋಡಿದಳು. "ಅಪ್ಪನ ಎದುರು ನಾನೆಂತ ಹೇಳ್ಲಿ ಮಾರಾಯ್ತಿ? ಇವತ್ತೊಂದು ದಿನ ಸುಮ್ಮನಿರು" ಎಂದ. ಅವಳು ಸುಮ್ಮನಿದ್ದಳು. ಗಂಜಿ ಪಾತ್ರೆಯಲ್ಲೇ ತಣಿಯಿತು. ಮದ್ದು ತರಲು ಯಾರೂ ಹೋಗಲಿಲ್ಲ.

ಬೆಳಿಗ್ಗೆ ಯಾರನ್ನೂ ಕೇಳದೆ ಹೊರಟಳು. ಗುಡಿಸಲ ಬಾಗಿಲಲ್ಲಿ ಮುದುಕಿ ಕೂತಿದ್ದಳು. ಕುಮುದಿನಿಯನ್ನು ಕಂಡು ಗಾಬರಿಯಿಂದ ಎದ್ದಳು.

"ಒಳಗೆ ಬರ್ಬೇಡಿ ಅಮ್ಮ. ಮನೆಗೆ ಹೋಗಿ ನೀವು ಸ್ನಾನ ಮಾಡ್ಬೇಕಾಗ್ತದೆ."

"ಮಗ ಹೇಗಿದ್ದಾನೆ ಅಜ್ಜಿ?"

"ಬೆಳಗಾಗುವಾಗ ಹೋದ. ನೀರು ಕೇಳಿದ. ಬಾವಿಯ ಹತ್ರ ನಾನು ಬಿದ್ದೆ ಅಮ್ಮ, ಎದ್ದು ಬರುವಾಗ ತಡ ಆಯ್ತು."

ಒಂದು ದಿನ! ಒಂದು ದಿನದ ಮರ್ಯಾದೆಗೆ ಒಬ್ಬ ಮನುಷ್ಯ ನೀರಿಲ್ಲದೆ ಸತ್ತ. ಇದನ್ನು ಜ್ವರದ ತಲೆಗೆ ಕಟ್ಟುವವರು ಕಟ್ಟಲಿ. ಕುಮುದಿನಿಗೆ ತನ್ನ ಮೇಲೂ ಮಾವನ ಮೇಲೂ ಹೇಳಲಾರದ ರೋಷ ಉಕ್ಕಿತು. ಸೆರಗು ಬಿಗಿದು ಕೊಡಪಾನ ಎತ್ತಿದಳು. ನೀರು ತಂದು, ಕೃಪಾನಂದನ ಮುಖ, ಕೈ, ಹೊಲಸು ಮೆತ್ತಿದ ಕಾಲು, ಎಲ್ಲವನ್ನೂ ತೊಳೆದಳು.

ಮಧ್ಯಾಹ್ನ ದೇವದಾಸರು ಮಗನೊಡನೆ ಬಂದರು. ಪಾದ್ರಿಗಳು ಜ್ವರದಲ್ಲಿದ್ದುದರಿಂದ ಪ್ರಾರ್ಥನೆ ಅವರದೇ. ಅಂಗಳದ ಆಚೆ ನಿಂತು, ಮೂಗಿಗೆ ಬಟ್ಟೆ ಹಿಡಿದು, ಕೊಂಚವೇ ಓದಿದರು. ಹೆಣವನ್ನು ಚಾಪೆಯಲ್ಲಿ ಸುತ್ತಿ ಬಿದಿರಿಗೆ ಕಟ್ಟಿತ್ತು. ಹೊರಲು ನೆರೆಯ ಮೂವರಷ್ಟೇ ಇದ್ದರು. ಉಳಿದವರೆಲ್ಲ ಹಾಸಿಗೆ ಹಿಡಿದಿದ್ದರು.

"ಒಬ್ಬರು ಕಡಿಮೆ ಇದ್ದಾರೆ. ಹೆಗಲು ಕೊಡಿ ಮಾವ" ಎಂದಳು ಕುಮುದಿನಿ.

ದೇವದಾಸರು ಕದಲಲಿಲ್ಲ. ಅವಳೇ ಹೋಗಿ ಮುಂದಿನ ಬಿದಿರಿಗೆ ಹೆಗಲು ಹಚ್ಚಿದಳು.

"ಬಿಡು ಅದನ್ನು! ಹೆಂಗಸರು ಹೆಣ ಹೊರುವುದುಂಟಾ? ನಮ್ಮಲ್ಲಿ ಆ ಕ್ರಮ ಇಲ್ಲ."

"ಇವರನ್ನು ಹೊರುವ ಕ್ರಮ ನಿಮ್ಮ ಗಂಡಸರಿಗೂ ಇಲ್ಲವಲ್ಲ. ಇನ್ನು ಮೇಲೆ ನಾನು ಕೂರುವುದೂ ಹಿಂದಿನ ಬೆಂಚಿನಲ್ಲಿ. ಮನೆಗೆ ಸೇರಿಸುವುದಾದರೆ ಸ್ನಾನ ಮಾಡಿಸದೆ ಸೇರಿಸಿ. ಇಲ್ಲವಾದರೆ ಇಲ್ಲೇ ಇರ್ತೇನೆ. ಅಜ್ಜಿಗೆ ನೀರು ತರುವವರು ಬೇಕು."

ಹೊರುವವರಲ್ಲಿ ಒಬ್ಬ ಜ್ವರದಿಂದ ಆಗತಾನೇ ಎದ್ದು ಬಂದವನು. ಪ್ರೇಮನಾಥ ತಂದೆಯ ಕಡೆ ನೋಡದೆ ಹೋಗಿ ಅವನನ್ನು ಸರಿಸಿ ತಾನು ನಿಂತ. ಹೆಣ ಎದ್ದಿತು, ಗದ್ದೆಯ ಬದುವಿಗಿಳಿದು ದೂರ ಹೋಯಿತು.

ಅಂಗಳದಲ್ಲಿ ದೇವದಾಸರೊಬ್ಬರೇ ಉಳಿದರು. ಮಗನ ಹೆಣದ ಹಿಂದೆ ಹೋಗುವಷ್ಟು ಬಲ ಮುದುಕಿಯ ಕಾಲಿನಲ್ಲಿರಲಿಲ್ಲ. ಬಿಸಿಲಲ್ಲಿ ನಿಂತ ಹಿರಿಯರನ್ನು ಕಂಡು ಅವಳು ಒಳಗಿಂದ ಮಣೆ ತಂದು, ಸೆರಗಿನಿಂದ ಒರೆಸಿ, ನೆರಳಲ್ಲಿ ಇಟ್ಟಳು.

"ಕೂತುಕೊಳ್ಳಿ ಧಣಿ. ನಿಮಗೆ ಇನ್ನೂ ನಿಶ್ಶಕ್ತಿ ಉಂಟು ಅಂತ ಮಗ ಹೇಳ್ತಿದ್ದ. ನೀರು ಕೊಡ್ಲಾ?"

ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನೀವು ನಮ್ಮಲ್ಲಿ ಕುಡಿಯುವುದಿಲ್ಲ ಅಲ್ವಾ. ದುಃಖದಲ್ಲಿ ಮರೆತುಹೋಯಿತು. ತಪ್ಪಾಯ್ತು ಧಣಿ."

ಮಗನನ್ನು ಕಳಕೊಂಡವಳು ಕೈ ಮುಗಿದು ಅವರ ಕ್ಷಮೆಗಾಗಿ ಕಾಯುತ್ತಾ ನಿಂತಳು.